ಕಾಫಿ ಚೆಲ್ಲಿದ ಮೇಲೆ

ನಮ್ಮ ನಾಡಿನಲ್ಲಿ ವಿದ್ಯೆಗೂ ಕಾಫಿಗೂ ಇರುವ ನಂಟು ಇಂದು ನಿನ್ನೆಯದಲ್ಲ. ಓದುವ ಮೇಜಿನ ಮೂಲೆಯಲ್ಲಿ ಲೋಟದ ತಳ ಬಿಟ್ಟುಹೋದ ದುಂಡನೆಯ ಕಲೆಯೊಂದು ಇಲ್ಲದಿದ್ದರೆ, ಆ ಮೇಜಿನ ಒಡೆಯನ ಪಾಂಡಿತ್ಯವನ್ನೇ ಸಂದೇಹಿಸಬೇಕಾಗುತ್ತದೆ. ಹಳೆಯ ಅಧ್ಯಾಪಕರ ಟಿಪ್ಪಣಿ ಪುಸ್ತಕಗಳನ್ನು ತೆರೆದು ನೋಡಿ: ಪುಟಕ್ಕೊಂದು ಕಂದು ಮಚ್ಚೆ. ಆದರೆ ಕಾಗದದ ಕಾಲದಲ್ಲಿ ಕಾಫಿ ಚೆಲ್ಲಿದರೆ ಆದ ಹಾನಿ ಕಣ್ಣೆದುರಿಗೇ ಇರುತ್ತಿತ್ತು. ಹಾಳೆಗಳನ್ನು ಬಿಡಿಸಿ ಹಗ್ಗದ ಮೇಲೆ ಹರವಿದರೆ ಸಂಜೆಯ ಹೊತ್ತಿಗೆ ಒಣಗುತ್ತಿದ್ದುವು. ಅಳಿಸಿಹೋದ ಅಕ್ಷರವನ್ನು ಹಿಂದುಮುಂದಿನ ಅಕ್ಷರಗಳ ದಯೆಯಿಂದ ಊಹಿಸಿಕೊಳ್ಳಬಹುದಾಗಿತ್ತು.

ಲ್ಯಾಪ್‌ಟಾಪಿನ ಮೇಲೆ ಚೆಲ್ಲಿದ ಕಾಫಿಯ ರೀತಿಯೇ ಬೇರೆ. ಅದು ಕೀಲಿಮಣೆಯ ಸಂದುಗಳಲ್ಲಿ ಇಳಿದು ಕಣ್ಮರೆಯಾಗುತ್ತದೆ. ಮೇಲೆ ಎಲ್ಲವೂ ಮೊದಲಿನಂತೆಯೇ. ಒಳಗೆ ಏನು ನಡೆದಿದೆಯೆಂಬುದು ಯಾರಿಗೂ ಕಾಣದು. ಆಗ ನಮ್ಮನ್ನು ಹಿಡಿಯುವುದು ಒಂದೇ ಆತುರ: ಬದುಕಿದೆಯೋ ಇಲ್ಲವೋ ಎಂದು ಒಮ್ಮೆ ಗುಂಡಿ ಒತ್ತಿ ನೋಡಿಬಿಡುವ ಆತುರ. ಬಹಳ ಮಟ್ಟಿಗೆ ಕೊಲ್ಲುವುದು ಕಾಫಿಯಲ್ಲ, ಈ ಆತುರ. ಅದನ್ನು ಹೇಳುವುದಕ್ಕಾಗಿಯೇ ಈ ಬರೆಹ.

ಕಳೆದ ಮಳೆಗಾಲದಲ್ಲಿ ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ನಡೆದ ಸಂಗತಿ ಇದು. ಕೊನೆಯ ವರ್ಷದ ಎಂ.ಎ. ವಿದ್ಯಾರ್ಥಿನಿಯೊಬ್ಬಳು ಬೀಸುವ ಪದಗಳನ್ನು ಕುರಿತ ತನ್ನ ಪ್ರಬಂಧವನ್ನು ತೋರಿಸಲು ಬಂದಿದ್ದಳು. ಕಿಟಕಿಯಿಂದ ಬಂದ ಗಾಳಿಗೆ ಮೇಜಿನ ಮೇಲಿನ ಹಾಳೆಗಳು ಹಾರಿದುವು. ಹಿಡಿಯಲು ಕೈ ಚಾಚಿದಳು. ತುಂಬಿದ್ದ ಸ್ಟೀಲಿನ ಲೋಟ ಮಗುಚಿತು. ಪರದೆ ಒಮ್ಮೆ ಮಿಣುಕಿತು. ಹುಡುಗಿ ಬಿಳಿಚಿಹೋದಳು. ಅವಳ ದುಃಖ ಯಂತ್ರದ ಬೆಲೆಯ ಬಗೆಗಲ್ಲವೆಂದು ಸ್ವಲ್ಪ ಹೊತ್ತಿನ ಮೇಲೆ ತಿಳಿಯಿತು. ಆ ಪದಗಳನ್ನು ಹಾಡಿದವಳು ಅವಳ ಅಜ್ಜಿ. ಬೇಸಿಗೆಯಲ್ಲಿ ಮೊಮ್ಮಗಳ ಒತ್ತಾಯಕ್ಕೆ, ಅಟ್ಟದ ಮೇಲಿದ್ದ ಬೀಸುವ ಕಲ್ಲನ್ನು ಇಳಿಸಿಕೊಂಡು, ರಾಗಿ ಬೀಸುತ್ತ ಮೂವತ್ತೇಳು ಪದಗಳನ್ನು ಹಾಡಿದ್ದಳು. ಮಳೆ ಹಿಡಿಯುವ ಮುನ್ನವೇ ತೀರಿಕೊಂಡಳು. ಧ್ವನಿಮುದ್ರಣ ಮಾಡಿದ್ದ ಮೊಬೈಲಿನಲ್ಲಿ ಜಾಗವಿಲ್ಲವೆಂದು ಅದನ್ನು ಅಲ್ಲಿಂದ ಅಳಿಸಿದ್ದಾಗಿತ್ತು. ಇದ್ದದ್ದು ಈ ಒಂದೇ ಯಂತ್ರದಲ್ಲಿ.

ಇನ್ನು ಸಲಹೆಗಳು! ನಮ್ಮಲ್ಲಿ ವೈದ್ಯ ಗೊತ್ತಿಲ್ಲದವರು ಯಾರಿದ್ದಾರೆ? ಇತಿಹಾಸದವರು ಬಿಸಿಲಿಗಿಡಬೇಕೆಂದರು, ಹೊರಗೆ ಬಿಸಿಲೇ ಇರಲಿಲ್ಲ. ಅರ್ಥಶಾಸ್ತ್ರದವರು ಹೆಂಗಸರು ಕೂದಲು ಒಣಗಿಸುವ ಯಂತ್ರವನ್ನು ಹಾಸ್ಟೆಲಿನಿಂದ ತರಿಸಿ ಎಂದರು. ಜವಾನನು ಅಕ್ಕಿಯ ಮೂಟೆಯೊಳಗೆ ಹೂಳುವುದೇ ರಾಮಬಾಣವೆಂದು ಪ್ರಮಾಣ ಮಾಡಿದನು. ಉಳಿದವರೆಲ್ಲ ಒಕ್ಕೊರಲಿನಿಂದ, “ಮೊದಲು ಒಮ್ಮೆ ಹಚ್ಚಿ ನೋಡಿ!” ಎಂದರು.

ಅಷ್ಟರಲ್ಲಿ ಗದ್ದಲ ಕೇಳಿ ಬಂದ ಭೌತಶಾಸ್ತ್ರ ಪ್ರಯೋಗಾಲಯದ ಸಹಾಯಕರು ಯಾರ ಸಲಹೆಯನ್ನೂ ಕೇಳಲಿಲ್ಲ. ಗೋಡೆಯ ಸ್ವಿಚ್ಚನ್ನು ಆರಿಸಿ ಚಾರ್ಜರನ್ನು ಕಿತ್ತರು. ಗುಂಡಿಯನ್ನು ಹತ್ತು ಸೆಕೆಂಡುಗಳಷ್ಟು ಒತ್ತಿಹಿಡಿದರು. ಯಂತ್ರ ಪೂರ್ತಿ ಆರಿತು. ಮೌಸನ್ನೂ ಇತರ ತಂತಿಗಳನ್ನೂ ಬಿಡಿಸಿದರು. ಹಳೆಯ ಹತ್ತಿಯ ಪಂಚೆಯ ತುಂಡಿನಿಂದ ಮೇಲಿನ ಕಾಫಿಯನ್ನು ಒತ್ತಿ ಹೀರಿಸಿದರು; ಉಜ್ಜಲಿಲ್ಲ, ಅಲುಗಾಡಿಸಲಿಲ್ಲ. ಅನಂತರ ಅದನ್ನು ಅರ್ಧ ತೆರೆದು, ಗುಡಿಸಿಲಿನ ಮಾಡಿನಂತೆ ಕವುಚಿ ನಿಲ್ಲಿಸಿ, ಫ್ಯಾನಿನ ಕೆಳಗಿಟ್ಟು, “ಇನ್ನು ಯಾರೂ ಮುಟ್ಟಬೇಡಿ. ಹಚ್ಚಿ ನೋಡಲೇಬೇಡಿ” ಎಂದರು. ಎರಡು ನಿಮಿಷಗಳ ಕೆಲಸ. ಯಂತ್ರದಿಂದ ಹೊಗೆಯೋ ಸುಟ್ಟ ವಾಸನೆಯೋ ಬರುತ್ತಿದ್ದರೆ, ಅಥವಾ ಬ್ಯಾಟರಿ ಬಿಸಿಯೇರಿ ಉಬ್ಬುತ್ತಿದ್ದರೆ, ತಾನೂ ಹತ್ತಿರ ಹೋಗುತ್ತಿರಲಿಲ್ಲವೆಂದು ಅವರೇ ಆಮೇಲೆ ಹೇಳಿದರು.

ಏಕೆ ಹಚ್ಚಬಾರದು? ತಾಮ್ರದ ಚೊಂಬಿಗೆ ಕಿಲುಬು ಹಿಡಿಯುವುದನ್ನು ನೋಡದ ಮನೆ ನಮ್ಮಲ್ಲಿಲ್ಲ. ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿರುವ ಹಲಗೆಯ ಮೇಲೆಲ್ಲ ತಾಮ್ರದ ಸಣ್ಣ ಸಣ್ಣ ದಾರಿಗಳು. ಒಂದಕ್ಕೂ ಇನ್ನೊಂದಕ್ಕೂ ಮಿಲಿಮೀಟರಿನ ಒಂದು ಪಾಲಿನಷ್ಟೇ ಅಂತರ. ಶುದ್ಧವಾದ ನೀರು ವಿದ್ಯುತ್ತನ್ನು ಅಷ್ಟಾಗಿ ಹರಿಯಗೊಡದು. ಆದರೆ ನಮ್ಮ ನಲ್ಲಿಯ ನೀರಿನಲ್ಲಿಯೂ ಕಾಫಿಯಲ್ಲಿಯೂ ಕರಗಿದ ಲವಣಗಳಿವೆ. ಅವು ಎರಡು ದಾರಿಗಳ ನಡುವೆ ಸೇತುವೆ ಕಟ್ಟುತ್ತವೆ. ವಿದ್ಯುತ್ತು ಹರಿಯುತ್ತಿದ್ದರೆ ಒಂದು ದಾರಿಯ ಲೋಹ ಕರಗಿ ಇನ್ನೊಂದರತ್ತ ಸಾಗುತ್ತದೆ. ಚೊಂಬಿಗೆ ಕಿಲುಬು ಹಿಡಿಯಲು ದಿನಗಳು ಬೇಕು. ವಿದ್ಯುತ್ತಿನ ಜೊತೆ ಸೇರಿದರೆ ಆ ಕೆಲಸ ಕೆಲವೇ ನಿಮಿಷಗಳಲ್ಲಿ ಮೊದಲಾಗುತ್ತದೆ. ವಿದ್ಯುತ್ತಿಲ್ಲದೆ ಒದ್ದೆಯಾದ ಯಂತ್ರಕ್ಕೆ ಆಸೆಯಿದೆ. ಒದ್ದೆಯಿರುವಾಗ ಹಚ್ಚಿದ ಯಂತ್ರಕ್ಕೆ ಅದು ಕಡಿಮೆ.

ಅಕ್ಕಿಯ ಮಾತನ್ನೂ ಇಲ್ಲಿಯೇ ಮುಗಿಸಿಬಿಡುತ್ತೇನೆ. ಅಕ್ಕಿ ಅನ್ನವಾಗುವಾಗ ನೀರನ್ನು ಕುಡಿಯುವುದು ನಿಜ. ಆದರೆ ಮುಚ್ಚಿದ ಯಂತ್ರದ ಹೊಟ್ಟೆಯಿಂದ ನೀರನ್ನು ಸೆಳೆದುಕೊಳ್ಳುವ ಶಕ್ತಿ ಅದಕ್ಕಿಲ್ಲ. ಅದರ ತೌಡೂ ನುಚ್ಚೂ ಸಂದುಗಳಲ್ಲಿ ಸೇರಿ ಹೊಸ ಉಪದ್ರವವಾಗುತ್ತದೆ. ಒದ್ದೆಯಾದ ಐಫೋನನ್ನು ಅಕ್ಕಿಯಲ್ಲಿ ಇಡಬೇಡಿರೆಂದು ಆಪಲ್ ಸಂಸ್ಥೆ 2024ರಲ್ಲಿ ತನ್ನ ಗ್ರಾಹಕರಿಗೆ ತಿಳಿಸಿದೆ. ಬಿಸಿಗಾಳಿ ಊದಿದರೆ ದ್ರವ ಇನ್ನಷ್ಟು ಒಳಕ್ಕೆ ಹೋಗಬಹುದು, ಪ್ಲಾಸ್ಟಿಕ್ಕು ಸೊಟ್ಟಗಾಗಬಹುದು. ಕಾಫಿಯ ವಿಷಯದಲ್ಲಂತೂ ಒಣಗಿಸಿದ ಮಾತ್ರಕ್ಕೆ ಮುಗಿಯಲಿಲ್ಲ. ನೀರು ಆವಿಯಾಗಿ ಹೋದರೂ ಸಕ್ಕರೆಯೂ ಹಾಲೂ ಹಿಂದೆ ಉಳಿಯುತ್ತವೆ. ಮಳೆಗಾಲದ ತೇವವನ್ನು ಹೀರಿಕೊಂಡು ತಮ್ಮ ಕೆಲಸವನ್ನು ಸದ್ದಿಲ್ಲದೆ ಮುಂದುವರಿಸುತ್ತವೆ. ಆದ್ದರಿಂದ ಒಣಗಿದ ಯಂತ್ರವನ್ನೂ ಬಿಚ್ಚಿ ತೊಳೆಸಬೇಕು. ಎಷ್ಟು ಬೇಗ ಬಿಚ್ಚಿದರೆ ಅಷ್ಟು ಒಳ್ಳೆಯದು.

ಮರುದಿನ ಬೆಳಗ್ಗೆ ಜಿಲ್ಲಾ ಕೇಂದ್ರದ ರಿಪೇರಿ ಅಂಗಡಿಗೆ ಆ ಹುಡುಗಿಯೊಡನೆ ನಾನೂ ಹೋದೆ. ಅಂಗಡಿಯವನು ಮೀಸೆ ಚಿಗುರುತ್ತಿದ್ದ ತರುಣ. ಯಂತ್ರವನ್ನು ಕೈಗೆ ತೆಗೆದುಕೊಳ್ಳುವ ಮೊದಲೇ ಒಂದು ಪ್ರಶ್ನೆ ಕೇಳಿದನು: “ನಿಮಗೆ ಬೇಕಾದದ್ದು ಯಂತ್ರವೋ, ಒಳಗಿರುವುದೋ?”

ಹುಡುಗಿ ಕ್ಷಣವೂ ಯೋಚಿಸದೆ, “ಒಳಗಿರುವುದು” ಎಂದಳು.

ಎರಡಕ್ಕೂ ಚಿಕಿತ್ಸೆ ಒಂದೇ ಎಂದು ನಾನು ತಿಳಿದಿದ್ದೆ, ಹಾಗಲ್ಲವಂತೆ. ಯಂತ್ರವೇ ಬೇಕಾದರೆ ತೊಳೆದು, ಒಣಗಿಸಿ, ಹಚ್ಚಿ ನೋಡಬೇಕಾಗುತ್ತದೆ. ಒಳಗಿರುವುದು ಬೇಕಾದರೆ ಯಂತ್ರವನ್ನು ಎಬ್ಬಿಸುವ ಗೊಡವೆಗೇ ಮೊದಲು ಹೋಗಬಾರದು. ಆತನು ತಳದ ತಿರುಪುಗಳನ್ನು ಬಿಚ್ಚಿ, ಎಲ್ಲಕ್ಕಿಂತ ಮುಂಚೆ ಬ್ಯಾಟರಿಯ ಕೊಂಡಿಯನ್ನು ಕಳಚಿದನು. ಆರಿಸಿದ ಯಂತ್ರದಲ್ಲಿಯೂ ಬ್ಯಾಟರಿ ಒಂದೆರಡು ದಾರಿಗಳನ್ನು ಎಚ್ಚರವಾಗಿ ಇಟ್ಟಿರುತ್ತದೆಯಂತೆ. ಹಲಗೆಯ ಒಂದು ಅಂಚಿನಲ್ಲಿ ಕಂದು ಕಲೆ, ಅದರ ನಡುವೆ ಆಗಲೇ ಹಸಿರು ಚುಕ್ಕೆ. ನಮ್ಮ ಪರಿಚಿತ ಕಿಲುಬು. ಅದರಿಂದ ನಾಲ್ಕು ಅಂಗುಲ ದೂರದಲ್ಲಿ ಬೆರಳುದ್ದದ ತೆಳುವಾದ ಪಟ್ಟಿಯೊಂದಿತ್ತು. ಅದನ್ನು ತೆಗೆದು, ಬ್ರಷ್ಷಿನಿಂದ ಐಸೊಪ್ರೊಪೈಲ್ ಆಲ್ಕೊಹಾಲ್ ಸವರಿ ಒರಸಿ, ಆರಲು ಬಿಟ್ಟು, ಸಣ್ಣ ಪೆಟ್ಟಿಗೆಯೊಂದರಲ್ಲಿಟ್ಟು ತನ್ನ ಕಂಪ್ಯೂಟರಿಗೆ ಜೋಡಿಸಿದನು.

ಕಡತಗಳ ಪಟ್ಟಿ ಪರದೆಯ ಮೇಲೆ ಮೂಡಿತು. ಒಂದನ್ನು ಒತ್ತಿದನು. ಮೊದಲು ಬೀಸುವ ಕಲ್ಲಿನ ಗುರುಗುರು ಸದ್ದು, ಆಮೇಲೆ ಮುದುಕಿಯ ಕೆಮ್ಮು, “ಹಾಕಿದ್ಯೇನೇ?” ಎಂಬ ಮಾತು, ಬಳಿಕ ಪದ. ಮೊಬೈಲಿನ ಪರದೆ ಒಡೆದುಕೊಂಡು ಬಂದಿದ್ದ ಇಬ್ಬರು ಗಿರಾಕಿಗಳು ಮಾತು ನಿಲ್ಲಿಸಿದರು. ಅಂಗಡಿಯವನು ಪದ ಮುಗಿಯುವ ತನಕ ಏನನ್ನೂ ಮುಟ್ಟಲಿಲ್ಲ.

ಯಂತ್ರದ ಕಥೆ ಅಷ್ಟು ಸುಖಾಂತವಲ್ಲ. ಹಲಗೆಯನ್ನು ತೊಳೆದು ಹೊಸ ಕೀಲಿಮಣೆ ಹಾಕಿದ ಮೇಲೆ ಅದು ಎದ್ದಿತು. ತಿಂಗಳು ತುಂಬುವುದರೊಳಗೆ ಮತ್ತೆ ಮಲಗಿತು. ಒಮ್ಮೆ ಹಿಡಿದ ಕಿಲುಬು ನಿಧಾನವಾಗಿಯೂ ತಿನ್ನಬಲ್ಲುದು. ಹುಡುಗಿ ಅದಕ್ಕೆ ಹೆಚ್ಚು ಮರುಗಲಿಲ್ಲ.

ಎಲ್ಲರಿಗೂ ಇದೇ ಭಾಗ್ಯ ದೊರೆಯುವುದೆಂದು ಹೇಳಲಾರೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ನೆನಪಿನ ಪಟ್ಟಿ ಬೇರೆಯಾಗಿರದೆ ಮುಖ್ಯ ಹಲಗೆಗೇ ಬೆಸೆದುಕೊಂಡಿರುತ್ತದೆ. ಅಲ್ಲಿ ಹಲಗೆ ಎದ್ದರೇ ಒಳಗಿನದು ದಕ್ಕೀತು. ಇನ್ನು ಕೆಲವದರಲ್ಲಿ ಪಟ್ಟಿಗೆ ಗುಪ್ತಲಿಪಿಯ ಬೀಗವಿರುತ್ತದೆ. ಅದನ್ನು ತೆರೆಯುವ ಸಂಖ್ಯೆಯನ್ನು ಬೇರೆಲ್ಲಿಯಾದರೂ ಬರೆದಿಡದಿದ್ದರೆ, ಪಟ್ಟಿ ಉಳಿದೂ ಪ್ರಯೋಜನವಿಲ್ಲ. ಸಾಮಾನ್ಯ ವಾರಂಟಿಯು ದ್ರವ ಬಿದ್ದ ಹಾನಿಗೆ ಸಲ್ಲುವುದೂ ಅಪರೂಪ.

ಬಸ್ಸಿನಲ್ಲಿ ಹಿಂದಿರುಗುವಾಗ ನನಗೆ ಅನಿಸಿದ್ದು ಇಷ್ಟು. ಆ ಮೂವತ್ತೇಳು ಪದಗಳು ಅಜ್ಜಿಯ ಬಳಿಗೆ ಬಂದದ್ದು ಅವಳ ತಾಯಿಯಿಂದ, ಅತ್ತೆಯಿಂದ, ನೆರೆಮನೆಯ ಹೆಂಗಸರಿಂದ. ಎಷ್ಟೋ ತಲೆಮಾರುಗಳು ಅವನ್ನು ಯಾವ ಯಂತ್ರದ ಆಸರೆಯೂ ಇಲ್ಲದೆ ದಾಟಿಸಿದುವು. ಹೇಗೆ? ಊರಿನ ಪ್ರತಿಯೊಂದು ಬಾಯಿಯೂ ಅವುಗಳ ಒಂದೊಂದು ಪ್ರತಿಯಾಗಿತ್ತು. ಒಬ್ಬಳು ಮರೆತರೆ ಇನ್ನೊಬ್ಬಳು ಎತ್ತಿಕೊಡುತ್ತಿದ್ದಳು. ನಾವು ಆ ಬಾಯಿಗಳನ್ನೆಲ್ಲ ಬಿಟ್ಟು ಒಂದೇ ಪೆಟ್ಟಿಗೆಯನ್ನು ನಂಬಿದೆವು. ಆ ಪೆಟ್ಟಿಗೆಯ ಪಕ್ಕದಲ್ಲಿಯೇ ಕಾಫಿಯನ್ನೂ ಇಟ್ಟುಕೊಂಡೆವು. ಈಗ ಆ ಪದಗಳು ಹುಡುಗಿಯ ಹೊಸ ಯಂತ್ರದಲ್ಲಿವೆ, ಅವಳ ಅಣ್ಣನ ಮನೆಯ ಪೆಟ್ಟಿಗೆಯಲ್ಲಿವೆ, ನಮ್ಮ ವಿಭಾಗದ ಕಪಾಟಿನಲ್ಲಿವೆ. ಅದಕ್ಕಿಂತ ಸಂತೋಷದ ಮಾತೆಂದರೆ, ಅವುಗಳಲ್ಲಿ ನಾಲ್ಕೈದು ಅವಳ ಬಾಯಲ್ಲಿಯೂ ಇವೆ.

ಈ ಬರೆಹವನ್ನು ನಾನೂ ಲ್ಯಾಪ್‌ಟಾಪಿನಲ್ಲಿಯೇ ಬರೆಯುತ್ತಿದ್ದೇನೆ. ಕಾಫಿಯ ಲೋಟ ಐದು ಮಾರು ದೂರದ ಕಿಟಕಿಯ ಮೇಲಿದೆ. ಒಂದೊಂದು ಗುಟುಕಿಗೂ ಎದ್ದುಹೋಗಬೇಕಾದ್ದರಿಂದ ಅದು ಆಗಲೇ ಆರಿ ತಣ್ಣಗಾಗಿದೆ. ಇರಲಿ, ಆರಿದ ಕಾಫಿಯನ್ನು ಮತ್ತೆ ಬಿಸಿ ಮಾಡಿಕೊಳ್ಳಬಹುದು.