ಅರ್ಧ ಎತ್ತಿದ ಶಟರು

ಚಿತ್ರಕಲೆಯ ಬಗ್ಗೆ ಬರೆಯುವಷ್ಟು ತಿಳಿದವನು ನಾನಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಸಂಘದಲ್ಲಿ ಕವಿತೆ ಬರೆಯುವವರು ಎಂಟು ಮಂದಿ, ಕತೆ ಬರೆಯುವವರು ನಾಲ್ವರು, ಈ ಹನ್ನೆರಡು ಜನರ ನಿದ್ದೆ ಕೆಡಿಸಲು ವಿಮರ್ಶಕ ಒಬ್ಬ. ಚಿತ್ರ ನೋಡುವವರು ಯಾರೂ ಇಲ್ಲವಂತೆ. ಹಾಗಾಗಿ ಈ ಸಲ ನನ್ನ ತಲೆಗೆ ಕಟ್ಟಿದ್ದಾರೆ. ನನಗೆ ಗೊತ್ತಿರುವುದು ಚಿತ್ರವಲ್ಲ, ಶಟರು. ಘಾಟ್‌ಕೋಪರಿನಲ್ಲಿ ನಮ್ಮದೊಂದು ಚಾ-ತಿಂಡಿಯ ಅಂಗಡಿ ಇದೆ. ಹತ್ತನೇ ಕ್ಲಾಸಿನಿಂದಲೂ ಬೆಳಿಗ್ಗೆ ಐದಕ್ಕೆ ಅದರ ಶಟರು ಎತ್ತುವುದು ನನ್ನ ಪಾಲಿನ ಕೆಲಸ. ಆದ್ದರಿಂದ ಇದನ್ನು ಶಟರಿನ ಬಗೆಗಿನ ಪ್ರಬಂಧ ಎಂದುಕೊಂಡು ಓದಿದರೂ ನನ್ನ ಅಭ್ಯಂತರವಿಲ್ಲ.

ಜಹಾಂಗೀರ್ ಆರ್ಟ್ ಗ್ಯಾಲರಿಯ ಒಳಗೆ ನಾನು ಮೊದಲ ಸಲ ಕಾಲಿಟ್ಟದ್ದು ಮಳೆಗೆ ಹೆದರಿ. 2019ರ ಜುಲೈ, ಡಿಗ್ರಿಯ ಮೊದಲ ವರ್ಷ. ಕಾಲಾಘೋಡಾದಲ್ಲಿ ನಿಂತಿದ್ದಾಗ ಹುಯ್ಯತೊಡಗಿತು, ಎದುರಿಗೆ ತೆರೆದ ಬಾಗಿಲು, ಟಿಕೆಟ್ಟಿಲ್ಲ. 1952ರಿಂದ ಆ ಬಾಗಿಲು ನನ್ನಂಥವರಿಗೂ ತೆರೆದೇ ಇದೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಒಳಗೆ ಜನ ಆಸ್ಪತ್ರೆಯಲ್ಲಿ ಮಾತಾಡುವಂತೆ ಪಿಸಪಿಸ ಮಾತಾಡುತ್ತಿದ್ದರು. ಗೋಡೆಯಲ್ಲಿ ಬಣ್ಣಗಳು. ಪಕ್ಕದಲ್ಲಿ ಅಂಟಿಸಿದ ಇಂಗ್ಲಿಷ್ ಟಿಪ್ಪಣಿ ಓದಿದೆ, ಅದು ಚಿತ್ರಕ್ಕಿಂತಲೂ ಕಷ್ಟ. ನನ್ನ ಚಪ್ಪಲಿಯಿಂದ ನೀರು ಸೋರಿ ನೆಲದ ಮೇಲೆ ಒಂದು ಆಕಾರ ಮೂಡಿತ್ತು. ಒಬ್ಬ ಮಹನೀಯರು ಅದನ್ನೂ ಸ್ವಲ್ಪ ಹೊತ್ತು ನೋಡಿದರು. ಇದು ನಮ್ಮಂಥವರ ಜಾಗವಲ್ಲ ಎಂದುಕೊಂಡು, ಮಳೆ ಬಿಟ್ಟ ಕೂಡಲೆ ಹೊರಬಿದ್ದೆ.

ಮನೆಯಲ್ಲಿ ಹೇಳಿದಾಗ ಅಪ್ಪಯ್ಯ, "ಹೆಬ್ಬಾರ್ರ್ ಚಿತ್ರ ಇತ್ತಾ ಅಲ್ಲಿ? ಅವ್ರ್ ನಮ್ಮ ಉಡುಪಿ ಬದಿಯವ್ರೇ" ಅಂದರು. ಕಟ್ಟಿಂಗೇರಿಯ ಕೃಷ್ಣ ಹೆಬ್ಬಾರರು ಈ ಮುಂಬಯಿಯಲ್ಲೇ ಬದುಕಿ, ಪದ್ಮಭೂಷಣ ಪಡೆದು, 1996ರಲ್ಲಿ ತೀರಿಕೊಂಡರು ಎಂಬುದು ನನಗೆ ಆಮೇಲೆ ತಿಳಿದದ್ದು. ಅಪ್ಪಯ್ಯನಿಗೆ ಅವರ ಒಂದು ಚಿತ್ರವೂ ಗೊತ್ತಿರಲಿಲ್ಲ, ಊರು ಗೊತ್ತಿತ್ತು. ನಮ್ಮವರ ಕಲಾಪರಿಚಯ ಹೀಗೆಯೇ ಶುರುವಾಗುವುದು, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಊರಿನ ಹೆಸರು ಹಿಡಿದುಕೊಂಡಾದರೂ ಬಾಗಿಲತನಕ ಹೋಗಬಹುದಲ್ಲ.

ಅದೇ ವರ್ಷದ ಕೊನೆಗೆ, ಜಹಾಂಗೀರಿನ ಎದುರಿಗೇ ಇರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಸುಧೀರ್ ಪಟವರ್ಧನರ ದೊಡ್ಡ ಪ್ರದರ್ಶನ ನಡೆಯಿತು. ಜೆ.ಜೆ. ಕಲಾಶಾಲೆಯಲ್ಲಿ ಓದುವ ಒಬ್ಬ ಗೆಳೆಯ ನನ್ನನ್ನು ಎಳೆದುಕೊಂಡು ಹೋದ. ಪಟವರ್ಧನರು ವೃತ್ತಿಯಲ್ಲಿ ಡಾಕ್ಟರು, ಠಾಣೆಯಲ್ಲಿ 1975ರಿಂದ 2005ರವರೆಗೆ ಎಕ್ಸ್‌ರೇ ನೋಡುತ್ತಿದ್ದವರು. ಹಗಲು ಜನರ ಎಲುಬು ನೋಡಿ ಉಳಿದ ಹೊತ್ತಿನಲ್ಲಿ ಅದೇ ಜನರನ್ನು ಬಿಡಿಸಿದರು. ಯಾರನ್ನು ಎಂದಿರಿ? ಲೋಕಲ್ ಟ್ರೇನಿನವರನ್ನು, ಓವರ್‌ಬ್ರಿಜ್ಜಿನ ಮೇಲೆ ಹೋಗುವವರನ್ನು, ಇರಾನಿ ಹೋಟೆಲಿನಲ್ಲಿ ಕೂತವನನ್ನು. ಲೋವರ್ ಪರೇಲ್ ಎಂಬ ಹೆಸರಿನ ಚಿತ್ರ 2001ರದ್ದು. 1982ರ ಗಿರಣಿ ಮುಷ್ಕರದ ನಂತರ ಆ ಭಾಗ ಏನಾಯಿತು ಎಂಬುದನ್ನು ಮುಂಬಯಿಯಲ್ಲಿ ಇರುವವರಿಗೆ ನಾನು ಹೇಳಬೇಕಾಗಿಲ್ಲ. ಆ ಗ್ಯಾಲರಿಯಲ್ಲಿ ಮೆಟ್ಟಿಲು ಸುತ್ತುತ್ತ ಗುಮ್ಮಟದತನಕ ಹತ್ತಬೇಕು. ಹತ್ತುತ್ತ ಹತ್ತುತ್ತ ನಾನು ಮಾಡಿದ್ದು ಒಂದೇ ಕೆಲಸ: ಆ ಮುಖಗಳ ನಡುವೆ ನಮ್ಮ ಗಿರಾಕಿಗಳನ್ನು ಹುಡುಕಿದ್ದು. ಇದು ಕಲೆ ನೋಡುವ ಕ್ರಮ ಅಲ್ಲ ಎಂದು ಗೆಳೆಯ ಬೈದ. ಆದರೆ ಇಬ್ಬರು ಸಿಕ್ಕಿದರು!

ಆಮೇಲೆ ಕೊರೋನಾ ಬಂತು, ಅಂಗಡಿ ಮುಚ್ಚಿತು, ತೆರೆಯಿತು. ಆ ಪುರಾಣ ಬೇಡ.

ಕಳೆದ ವರ್ಷ ಅದೇ ಗೆಳೆಯ ಒಂದು ದಪ್ಪ ಪುಸ್ತಕ ಕೊಟ್ಟ. ಈ ಕಾಲದ ಭಾರತೀಯ ಕಲಾವಿದರ ಚಿತ್ರಗಳು, ನುಣುಪು ಕಾಗದ, ಬೆಲೆ ನೋಡಿದರೆ ನಮ್ಮ ಒಂದು ತಿಂಗಳ ಹಾಲಿನ ಬಿಲ್ಲು. ನಾಲ್ಕು ದಿನದ ಕರಾರು, ಎಣ್ಣೆ ಕೈಯಲ್ಲಿ ಮುಟ್ಟಬಾರದು ಎಂಬ ಎಚ್ಚರಿಕೆ. ನಮ್ಮ ಮನೆಯಲ್ಲಿ ಎಣ್ಣೆ ಕೈಯಲ್ಲದ ಕೈ ಯಾವುದಿದೆ? ಅಂತೂ ಸೋಪು ಹಾಕಿ ತೊಳೆದುಕೊಂಡು ರಾತ್ರಿ ಊಟವಾದ ಮೇಲೆ ಪುಟ ತಿರುಗಿಸುತ್ತ ಕೂತೆ.

ಅದರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡರ ಒಂದು ಕೃತಿ ಇತ್ತು, 1998ರದ್ದು. ಸೂಜಿಗಳಿಗೆ ಪೋಣಿಸಿದ ಉದ್ದುದ್ದ ನೂಲುಗಳನ್ನು ಒಟ್ಟು ಸೇರಿಸಿ, ಕುಂಕುಮ ಹಚ್ಚಿ ಹಗ್ಗದಂತೆ ಮಾಡಿ, ಇಡೀ ಕೋಣೆಯ ಗೋಡೆಗೂ ನೆಲಕ್ಕೂ ಹರಿಯಬಿಟ್ಟಿದ್ದಾರೆ. ತುದಿಯಲ್ಲಿ ಸೂಜಿಗಳ ಗೊಂಚಲು ಹಾಗೇ ನೇತಾಡುತ್ತಿದೆ. ಇದೇ ಕಲಾವಿದೆ ಸೆಗಣಿಯಿಂದಲೂ ಕೃತಿ ಮಾಡಿದವರು, ಟಾರಿನ ಡ್ರಮ್ಮುಗಳಿಂದಲೂ ಮಾಡಿದವರು. ನಾನು ದೊಡ್ಡ ವಿದ್ವಾಂಸನಂತೆ ಅಮ್ಮನಿಗೆ ಅದನ್ನು ತೋರಿಸಿ, "ಇದು ಹೆಂಗಸರ ನೋವಿನ ಬಗ್ಗೆ" ಎಂದು ವಿವರಿಸಲು ಹೊರಟೆ. ಅಮ್ಮ ಇಪ್ಪತ್ತು ವರ್ಷದಿಂದ ಮನೆಯಲ್ಲಿ ಕೂತು ಸೀರೆಗಳಿಗೆ ಫಾಲು ಹೊಲಿಯುವವಳು. ಕನ್ನಡಕ ಏರಿಸಿ ನೋಡಿ ಕೇಳಿದ್ದು ಇಷ್ಟೇ: "ಇಷ್ಟ್ ಸೂಜಿಗೆ ನೂಲ್ ಹಾಕದ್ದ್ ಯಾರ್? ಕಣ್ಣ್ ಹೋಯ್ಲಿಲ್ಯಾ ಅವ್ರಿಗೆ?" ನನ್ನ ವಿವರಣೆ ಅಲ್ಲಿಗೆ ಮುಗಿಯಿತು. ಈಗ ಯೋಚಿಸಿದರೆ ನನಗಿಂತ ಅಮ್ಮನೇ ಆ ಕೃತಿಯ ಹತ್ತಿರ ಇದ್ದಳು ಅನಿಸುತ್ತದೆ.

ಇನ್ನು ಹತ್ತಿಪ್ಪತ್ತು ಪುಟ ಆಚೆಗೆ ಅತುಲ್ ದೋಡಿಯಾ. 1959ರಲ್ಲಿ ಹುಟ್ಟಿದ್ದು ನಮ್ಮ ಘಾಟ್‌ಕೋಪರಿನಲ್ಲಿ, ಓದಿದ್ದು ಜೆ.ಜೆ.ಯಲ್ಲಿ. 1994ರ ಅವರ ಒಂದು ಸ್ವಂತ ಚಿತ್ರವಿದೆ, ಬಾಜಿಗರ್ ಸಿನಿಮಾದ ಪೋಸ್ಟರಿನ ಹಾಗೆ ಪಿಸ್ತೂಲು ಹಿಡಿದು ನಿಂತಿದ್ದಾರೆ. ಕಪ್ಪು ಕನ್ನಡಕದ ಒಂದೊಂದು ಗಾಜಿನಲ್ಲಿ ಒಬ್ಬೊಬ್ಬ ಚಿತ್ರಕಾರ, ಒಬ್ಬರು ಭೂಪೇನ್ ಖಖ್ಖರ್, ಇನ್ನೊಬ್ಬರು ಇಂಗ್ಲೆಂಡಿನ ಹಾಕ್ನಿ. ಅಕ್ಕ ಅದನ್ನು ನೋಡಿ ನಕ್ಕಳು. ಅವಳು ನಕ್ಕದ್ದು ನೋಡಿ ಬಹಳ ದಿನವಾಗಿತ್ತು.

ಅದಕ್ಕೆ ಕಾರಣ ಹೇಳಬೇಕು. ಅಕ್ಕನಿಗೆ ಒಂದು ಸಂಬಂಧ ಬಂದಿತ್ತು. ಒಳ್ಳೆಯ ಜನ. "ನಮಗೆ ಎಂತದೂ ಬೇಡ, ಮದುವೆ ಮಾತ್ರ ಚೆಂದದಲ್ಲಿ ಮಾಡಿಕೊಡಿ" ಅಂದಿದ್ದರು. ಈ ಚೆಂದ ಎನ್ನುವುದು ವಾರಕ್ಕೊಂದು ಸಲ ಫೋನಿನಲ್ಲಿ ಬೆಳೆಯುತ್ತ ಹೋಯಿತು. ಮೊದಲು ದೊಡ್ಡ ಹಾಲು, ಆಮೇಲೆ ಮೂವತ್ತು ಪವನು, ಆಮೇಲೆ ಊರಿನಿಂದ ಬರುವವರಿಗೆ ಬಸ್ಸು. ಬೇಡಿಕೆ ಎಂಬ ಶಬ್ದವನ್ನು ಒಬ್ಬರೂ ಆಡಲಿಲ್ಲ. ಅಪ್ಪಯ್ಯ ಬಿಲ್ಲಿನ ಪುಸ್ತಕದ ಹಿಂದುಗಡೆ ಲೆಕ್ಕ ಹಾಕುತ್ತಿದ್ದರು. ಒಂದು ದಿನ ಆ ಲೆಕ್ಕದ ಕೊನೆಯ ಸಾಲಿನಲ್ಲಿ ಅಂಗಡಿಯ ಪಗಡಿಯ ಮೊತ್ತ ಬರೆದಿದ್ದನ್ನು ನಾನು ಕಂಡೆ. ಅಕ್ಕನೂ ಕಂಡಿದ್ದಳು. ಇಬ್ಬರೂ ಕಾಣದವರ ಹಾಗೆ ಇದ್ದೆವು. ನಮ್ಮ ಮನೆಯಲ್ಲಿ ಇಂಥವನ್ನು ಮಾತಾಡುವ ರೂಢಿ ಇಲ್ಲ.

ಪುಟ ತಿರುಗಿಸಿದೆ. ಶಟರು! ಚಿತ್ರದೊಳಗೆ ಬಿಡಿಸಿದ ಶಟರಲ್ಲ, ನಿಜವಾದ ಅಂಗಡಿಯ ತಗಡಿನ ಶಟರು, ಅದರ ಮೇಲೆ ಬಣ್ಣ. 2000ದ ಸುಮಾರಿಗೆ ದೋಡಿಯಾ ಇಂಥವನ್ನು ಮಾಡತೊಡಗಿದರು. ಶಟರಿನ ಮೇಲೆ ಒಂದು ಚಿತ್ರ. ಎತ್ತಿದರೆ ಹಿಂದೆ ಇನ್ನೊಂದು. ನಾನು ತೆರೆದ ಪುಟದಲ್ಲಿದ್ದದ್ದು ಮಹಾಲಕ್ಷ್ಮಿ, 2002ರದ್ದು. ಹೊರಗೆ ಕ್ಯಾಲೆಂಡರಿನ ಲಕ್ಷ್ಮಿ, ನಮ್ಮ ಗಲ್ಲಾದ ಮೇಲೆ ಅಗರಬತ್ತಿಯ ಹೊಗೆಗೆ ಕಪ್ಪಾಗಿ ಕೂತಿರುವವಳೇ. ಪಕ್ಕದ ಫೋಟೋದಲ್ಲಿ ಶಟರು ಮೇಲೆ. ಹಿಂದೆ ಮೂವರು ಅಕ್ಕತಂಗಿಯರು, ವರದಕ್ಷಿಣೆ ಕೊಡಲಾಗದ ಮನೆಯ ಹುಡುಗಿಯರು, ನೇಣು ಹಾಕಿಕೊಂಡವರು.

ಈ ಕೃತಿಯನ್ನು ನಾನು ನಿಜವಾಗಿ ನೋಡಿಲ್ಲ, ಫೋಟೋದಲ್ಲಿ ಮಾತ್ರ. ಆದರೆ ನೋಡಿದ ದೊಡ್ಡವರಿಗೆ ಗೊತ್ತಿರಲಾರದ ಒಂದು ಸಂಗತಿ ನನ್ನ ಕೈಗೆ ಗೊತ್ತಿದೆ. ಶಟರು ಎತ್ತಿದಾಗ ಮೊದಲು ಸುತ್ತಿಕೊಂಡು ಒಳಹೋಗುವುದು ಅದರ ಮೇಲಿನ ಪಟ್ಟಿ. ಅಂದರೆ ಲಕ್ಷ್ಮಿಯ ಕಿರೀಟ ಮೊದಲು ಹೋಗಬೇಕು, ಆಮೇಲೆ ಮುಖ, ಆಮೇಲೆ ಕೈಗಳು, ಪಾದ ಕೊನೆಗೆ. ಹಿಂದಿನ ಚಿತ್ರವೋ ತಲೆಕೆಳಗು ಕ್ರಮದಲ್ಲಿ ಕಾಣುತ್ತ ಬರುತ್ತದೆ: ಬುಡ ಮೊದಲು, ಮುಖ ಕೊನೆಗೆ. ಒಂದು ಕ್ಷಣ ಅರ್ಧದಲ್ಲಿ ನಿಲ್ಲಿಸಿದರೆ ಹೇಗಿದ್ದೀತು ಎಂದು ಯೋಚಿಸಿದೆ. ಕೈಯಲ್ಲಿ ಕೊಕ್ಕೆ ಕೋಲು ಹಿಡಿದಂತೆಯೇ ಆಯಿತು. ಪುಸ್ತಕ ಮುಚ್ಚೋಣವೆಂದರೆ ಅಕ್ಕ ನನ್ನ ಹೆಗಲ ಮೇಲಿಂದ ನೋಡುತ್ತಿದ್ದಳು.

"ಅಪ್ಪಯ್ಯನಿಗೆ ತೋರ್ಸು" ಅಂದಳು.

"ಬೇಡ ಅಕ್ಕ."

ಅವಳೇ ಪುಸ್ತಕ ಎತ್ತಿಕೊಂಡು ಹೋಗಿ ಬಿಲ್ಲಿನ ಪುಸ್ತಕದ ಮೇಲೆ ಬಿಡಿಸಿಟ್ಟಳು. ಅಪ್ಪಯ್ಯ ಮೊದಲು ನೋಡಿದ್ದು ಶಟರನ್ನೇ. "ಇದ್ ಹಳೇ ಮಾದರಿದ್" ಅಂದರು. ಆಮೇಲೆ ಹಿಂದಿನ ಚಿತ್ರ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಪುಸ್ತಕ ಮುಚ್ಚಿ, ಲುಂಗಿಯ ತುದಿಯಿಂದ ಅದರ ರಟ್ಟು ಒರೆಸಿ, ನನ್ನ ಕೈಗೆ ಕೊಟ್ಟು ಮಲಗಲು ಹೋದರು. ನಾನು ಏನೋ ಅಪರಾಧ ಮಾಡಿದವನಂತೆ ರಾತ್ರಿಯಿಡೀ ಹೊರಳಾಡಿದೆ. ಚಿತ್ರವನ್ನು ಬಿಡಿಸಿದವರಿಗೇನು, ಬಿಡಿಸಿ ಹೋಗಿಬಿಡುತ್ತಾರೆ. ಮನೆಗೆ ತಂದವನಿಗೆ ತಾನೇ ಕಷ್ಟ.

ಮರುದಿನ ಐದಕ್ಕೆ ಅಪ್ಪಯ್ಯನೂ ನನ್ನ ಜೊತೆ ಬಂದರು. ನಾನು ಎರಡೂ ಬದಿಯ ಬೀಗ ತೆಗೆದು ಶಟರನ್ನು ಸೊಂಟದವರೆಗೆ ಎತ್ತಿದೆ. "ನಿಲ್ಸ್" ಅಂದರು. ಬಗ್ಗಿ ಒಳಹೋಗಿ, ಒಳಗಿನಿಂದ ಮಾತಾಡಿದರು. ಅವರ ಮುಖ ನನಗೆ ಕಾಣುತ್ತಿರಲಿಲ್ಲ, ಕಾಲು ಮಾತ್ರ.

1993ರ ಜನವರಿಯ ಗಲಭೆಯಲ್ಲಿ ಅವರು ಬೇರೆ ಒಬ್ಬರ ಹೋಟೆಲಿನಲ್ಲಿ ಕೆಲಸಕ್ಕಿದ್ದರಂತೆ. ನಾಲ್ಕು ಹುಡುಗರು ಶಟರು ಎಳೆದುಕೊಂಡು ಒಳಗೇ ಇದ್ದರು. ಹಾಲಿಲ್ಲದ ಚಾ, ಒಣ ಪಾವು. ಗಾಳಿಗೆಂದು ಒಂದು ಗೇಣು ಎತ್ತಿಟ್ಟರೆ ರಸ್ತೆಯಲ್ಲಿ ಓಡುವವರ ಕಾಲುಗಳು ಕಾಣುತ್ತಿದ್ದವು. ಓಡಿಸಿಕೊಂಡು ಬರುವವರ ಕಾಲುಗಳೂ. ಎರಡನೇ ದಿನ ಒಬ್ಬ ಬಂದು ಶಟರು ಬಡಿದ. ಅವನ ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿ ಇತ್ತು. ಇವರು ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಬಡಿತ ನಿಂತಿತು. "ಅವ ಯಾರ್, ಎಂತ ಆದ, ಗೊತ್ತಿಲ್ಲೆ" ಅಂದರು. ಮೂವತ್ತು ವರ್ಷಗಳಲ್ಲಿ ಅಮ್ಮನಿಗೂ ಅವರು ಇದನ್ನು ಹೇಳಿರಲಿಲ್ಲ.

ಆಮೇಲೆ, "ಪೂರ್ತಿ ಎತ್ತ್, ಹಾಲಿನವ ಬಪ್ಪು ಹೊತ್ತಾಯ್ತ್" ಅಂದರು.

ಆ ಸಂಬಂಧ ಮುರಿಯಿತು. ಮುರಿದದ್ದು ಅಕ್ಕ, ತಾನೇ ಫೋನ್ ಮಾಡಿ. ಮಾತು ಎರಡು ನಿಮಿಷವೂ ಇರಲಿಲ್ಲ. ಅಪ್ಪಯ್ಯ ಪಕ್ಕದಲ್ಲೇ ನಿಂತಿದ್ದರು, ತಡೆಯಲಿಲ್ಲ. ಇದೆಲ್ಲ ಒಂದು ಚಿತ್ರದಿಂದ ಆಯಿತು ಎಂದು ನಾನು ಬರೆದರೆ ಅಕ್ಕ ಈ ಹಾಳೆಯನ್ನು ಹರಿದುಹಾಕುತ್ತಾಳೆ. "ನಾನು ಮೊದ್ಲೇ ನಿಶ್ಚಯ ಮಾಡಿ ಆಗಿತ್ತು, ನಿನ್ನ ಪುಸ್ತಕ ಬರೂದಕ್ಕಿಂತ ಮುಂಚೆ" ಎಂದು ಈಗಲೂ ಹೇಳುತ್ತಾಳೆ. ಇರಬಹುದು. ನೆಂಟರಿಷ್ಟರಲ್ಲಿ ಇನ್ನೂ ಮಾತು ನಡೆದಿದೆ, ಅಮ್ಮ ಎರಡು ಮದುವೆಗಳಿಗೆ ಹೋಗಲಿಲ್ಲ. ಪುಸ್ತಕವನ್ನು ನಾಲ್ಕನೇ ದಿನ ಹಿಂದಿರುಗಿಸಿದೆ. ಎಣ್ಣೆಯ ಒಂದು ಬೆರಳಚ್ಚು ಬಿದ್ದೇ ಇತ್ತು. ಗೆಳೆಯ ಅದನ್ನು ಇನ್ನೂ ಗಮನಿಸಿಲ್ಲ. ಈ ಪ್ರಬಂಧ ಓದಿ ಹುಡುಕುತ್ತಾನೋ ಏನೋ.

ಅಪ್ಪಯ್ಯ ಒಂದು ವಾರದ ನಂತರ, ವಡೆ ಕರಿಯುತ್ತ, ನನ್ನ ಕಡೆ ನೋಡದೆಯೇ ಕೇಳಿದರು: "ಆ ಶಟರಿನ ಚಿತ್ರ ಮಾಡದವ್ರ್ ಇಲ್ಲಿಯವ್ರೇ ಅಂದ್ಯಲ್ಲ ಮಾಣಿ, ಘಾಟ್‌ಕೋಪರಿನಗೆ ಎಲ್ಲಿ?" ಗಲ್ಲಿ ಗೊತ್ತಿಲ್ಲ ಎಂದೆ. ಜಾರಿ ಅಲ್ಲಾಡಿಸಿ ಎಣ್ಣೆ ಬಸಿದರು. "ನಮ್ಮಲ್ಲಿ ಚಾ ಕುಡುಕೆ ಬಂದಿಪ್ಪುಕೂ ಸಾಕ್" ಅಂದರು. ಅಂದಿನಿಂದ ಯಾರಾದರೂ ಉಗುರಿನ ಸಂದಿಯಲ್ಲಿ ಬಣ್ಣ ಇದ್ದವರು ಬಂದು ಕೂತರೆ ಗಲ್ಲಾದಿಂದಲೇ ಕುತ್ತಿಗೆ ಚಾಚಿ ನೋಡುತ್ತಾರೆ. ಇದುವರೆಗೆ ಬಂದವರೆಲ್ಲ ಕಟ್ಟಡಕ್ಕೆ ಪೇಂಟು ಹೊಡೆಯುವ ಹುಡುಗರು. ಅವರಿಗೂ ಚಾ ಸ್ವಲ್ಪ ಜಾಸ್ತಿಯೇ ಸಿಗುತ್ತಿದೆ.