ಯಾವಗಲ್ ಹೊಲದಲ್ಲೊಂದು ಕಹಿಯ ಪಾಠ

ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಯಾವಗಲ್ ಎರಿ ಸೀಮೆಯ ಊರು. ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿಬಿಡುವ ಕಪ್ಪು ನೆಲ ಇಲ್ಲಿಯದು. ಹಿಂಗಾರಿ ಬಂತೆಂದರೆ ಈ ಸೀಮೆಯಲ್ಲಿ ಬಿಳಿಜೋಳ, ಕಡಲೆ, ಕುಸುಬೆಯದೇ ರಾಜ್ಯ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಿ ಹೊಲದಲ್ಲೇ ಬುತ್ತಿ ಬಿಚ್ಚಿದರೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಪಕ್ಕದಲ್ಲಿ ಹಸಿ ಮೆಂತ್ಯದ ತಪ್ಪಲು ಮತ್ತು ಹಕ್ಕರಕಿ.

ಅಜ್ಜ ತಪ್ಪಲನ್ನು ಹಿಡಿಗಟ್ಟಲೆ ರೊಟ್ಟಿಯೊಳಗೆ ಸುತ್ತಿಕೊಳ್ಳುತ್ತಾನೆ. ಮೊಮ್ಮಗ ಒಂದೆಲೆ ಕಡಿದು, "ಕಹಿ ಐತಿ, ನಾ ಒಲ್ಲೆ" ಎಂದು ಉಗುಳುತ್ತಾನೆ. ಎಲೆ ಒಂದೇ, ರುಚಿ ಎರಡೇಕೆ?

ಕಹಿ ಎಂಬ ಕಾವಲುಗಾರ

ಹುಟ್ಟಿದ ಕೂಸು ಸಿಹಿಗೆ ಬಾಯಿ ಚಪ್ಪರಿಸುತ್ತದೆ, ಕಹಿಗೆ ಮುಖ ಕಿವುಚುತ್ತದೆ. ಸಸ್ಯಗಳ ಅನೇಕ ವಿಷಗಳು ಕಹಿಯಾಗಿರುವುದರಿಂದ ನಿಸರ್ಗ ಇಟ್ಟ ಕಾವಲು ಇದು. ಮನುಷ್ಯನಲ್ಲಿ ಕಹಿಯನ್ನು ಗುರುತಿಸುವ ಗ್ರಾಹಕಗಳು ಸುಮಾರು 25 ಬಗೆ. ಇವು ಎಲ್ಲರಲ್ಲೂ ಒಂದೇ ತರಹ ಇರುವುದಿಲ್ಲ. 1931ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಆರ್ಥರ್ ಫಾಕ್ಸ್ ಅವರ ಪ್ರಯೋಗಾಲಯದಲ್ಲಿ ಪಿಟಿಸಿ ಎಂಬ ಪುಡಿ ಗಾಳಿಗೆ ಹಾರಿತು. ಸಹೋದ್ಯೋಗಿಗೆ ಅದು ವಿಪರೀತ ಕಹಿ. ಫಾಕ್ಸ್‌ಗೆ ರುಚಿಯೇ ಇಲ್ಲ! ಈ ಭೇದಕ್ಕೆ ಕಾರಣವಾದ ಮುಖ್ಯ ವಂಶವಾಹಿ 2003ರಲ್ಲಿ ಪತ್ತೆಯಾಯಿತು.

ಆದರೆ ರುಚಿ ಬರೀ ಹುಟ್ಟುಗುಣವಲ್ಲ, ಕಲಿಕೆಯೂ ಹೌದು. ಗರ್ಭಿಣಿಯರು ಗಜ್ಜರಿ ರಸ ಕುಡಿದರೆ ಅವರ ಮಕ್ಕಳು ಗಜ್ಜರಿ ಬೆರೆತ ಗಂಜಿಗೆ ಅಷ್ಟಾಗಿ ಮುಖ ಸಿಂಡರಿಸುವುದಿಲ್ಲವೆಂದು ಜೂಲಿ ಮೆನೆಲ್ಲಾ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದರು. ಒಲ್ಲದ ತಿನಿಸನ್ನು ಎಂಟು-ಹತ್ತು ಸಲ ಚೂರು ಚೂರೇ ಕೊಟ್ಟರೆ ಬಹಳ ಮಕ್ಕಳು ಒಗ್ಗಿಕೊಳ್ಳುತ್ತಾರೆ. ತಪ್ಪಲಿಗೆ ಉಪ್ಪು ಹಚ್ಚುವುದರಲ್ಲೂ ವಿಜ್ಞಾನವಿದೆ: ಉಪ್ಪಿನ ಸೋಡಿಯಂ ಕಹಿಯನ್ನು ತಗ್ಗಿಸುತ್ತದೆ. ವಿದ್ಯಾರ್ಥಿಗಳು ಒಂದೆಲೆಯನ್ನು ಬರಿದಾಗಿ, ಇನ್ನೊಂದನ್ನು ಉಪ್ಪು ಹಚ್ಚಿ ತಿಂದು ನೋಡಬಹುದು.

ಅದೇ ಜೋಳ, ಬೇರೆ ದಾರಿ

ಯಾವಗಲ್ ಸೀಮೆಯ ತಾಟಿನಲ್ಲಿ ರೊಟ್ಟಿಯಾಗುವ ಜೋಳದ ಮೂಲ ಆಫ್ರಿಕಾ. ಅಲ್ಲಿ ಅನೇಕ ದೇಶಗಳಲ್ಲಿ ಜೋಳವನ್ನು ಮೊಳಕೆ ಬರಿಸಿ, ಒಣಗಿಸಿ, ಹುದುಗಿಸಿ ಹುಳಿ ಬೀರು ಮಾಡುತ್ತಾರೆ. 1988ರಲ್ಲಿ ನೈಜೀರಿಯ ಬಾರ್ಲಿ ಆಮದನ್ನು ನಿಷೇಧಿಸಿದಾಗ ಅಲ್ಲಿನ ದೊಡ್ಡ ಕಾರ್ಖಾನೆಗಳೂ ಜೋಳಕ್ಕೆ ಬಂದವು. ಸಾಮಾನ್ಯ ಬೀರಿನ ಕಹಿ ಮಾತ್ರ ಧಾನ್ಯದ್ದಲ್ಲ. ಅದು ಹಾಪ್ಸ್ ಎಂಬ ಬಳ್ಳಿಯ ಹೂವಿನದು. 1516ರ ಬವೇರಿಯದ ಕಾಯಿದೆ ಬೀರಿಗೆ ಬಾರ್ಲಿ, ಹಾಪ್ಸ್, ನೀರು ಇಷ್ಟನ್ನೇ ಒಪ್ಪಿತ್ತು.

ಮೊದಲ ಗುಟುಕು ಬೀರು ಬಹುತೇಕ ಯಾರಿಗೂ ಸೇರುವುದಿಲ್ಲ. ಮೊದಮೊದಲು ಹಗುರವಾದದ್ದು ಹಿಡಿಸುತ್ತದೆ, ವರುಷ ಕಳೆದಂತೆ ಹೆಚ್ಚು ಕಹಿಯಾದದ್ದು ಬೇಕೆನಿಸುತ್ತದೆ. "ನಾಲಿಗೆ ಪಳಗಿತು" ಎಂದು ಕುಡಿಯುವವರು ಹೆಮ್ಮೆಪಡುವುದುಂಟು. ಪಳಗುವುದು ಹೆಚ್ಚಾಗಿ ಮಿದುಳು. ಮದ್ಯಸಾರ ಮಿದುಳಿನ ಸುಖದ ನರಜಾಲವನ್ನು ಕೆಣಕುತ್ತದೆ. ಮಿದುಳು ಆ ಅಮಲನ್ನು ಕಹಿಯೊಂದಿಗೆ ಗಂಟುಹಾಕಿ ನೆನಪಿಡುತ್ತದೆ. ಗೆಳೆಯರ ಒತ್ತಾಯ, ದೊಡ್ಡವನಾದೆನೆಂಬ ಭಾವ ಗಂಟನ್ನು ಬಿಗಿಗೊಳಿಸುತ್ತವೆ. ಇಪ್ಪತ್ತರ ನಡುಹರೆಯದವರೆಗೂ ಬೆಳೆಯುತ್ತಲೇ ಇರುವ ಮಿದುಳಿಗೆ ಈ ಪಾಠ ದುಬಾರಿ.

ಮೆಂತ್ಯದ ಕಹಿಗೂ ಬೀರಿನ ಕಹಿಗೂ ಒಗ್ಗುವ ದಾರಿ ಬಹುಮಟ್ಟಿಗೆ ಒಂದೇ: ಮತ್ತೆ ಮತ್ತೆ ಸವಿಯುವುದು, ಜೊತೆಯವರನ್ನು ನೋಡುವುದು. ಆದರೆ ಮೆಂತ್ಯ ತಿಂದವನು ಹೊಟ್ಟೆ ತುಂಬಿದಾಗ ಕೈ ತೊಳೆಯುತ್ತಾನೆ; ಬೀರು ಕೆಲವರಿಗೆ ಕೈ ತೊಳೆಯಲು ಬಿಡುವುದಿಲ್ಲ. ಒಗ್ಗಿತೆಂಬ ಮಾತ್ರಕ್ಕೆ ಯಾವುದೂ ಒಳ್ಳೆಯದಾಗದು.

ಆದ್ದರಿಂದ ಪಾಲಕರು ಉಗುಳಿದ ಮಗುವನ್ನು ಗದರಬೇಕಿಲ್ಲ, ತಪ್ಪಲನ್ನು ತಾಟಿನಿಂದ ತೆಗೆಯಲೂಬೇಕಿಲ್ಲ. ಎದುರು ಕುಳಿತು ತಾವು ಸವಿದು ಉಂಡರೆ ಸಾಕು. ಮಕ್ಕಳ ನಾಲಿಗೆಗೆ ಮೊದಲ ಶಾಲೆ ಮನೆಯ ಪಂಕ್ತಿ. ಅಲ್ಲಿ ದೊಡ್ಡವರ ಕೈಯಲ್ಲಿ ಏನಿದೆಯೆಂಬುದನ್ನು ಅವರು ಪ್ರತಿದಿನ ನೋಡುತ್ತಲೇ ಇರುತ್ತಾರೆ.