ಕೆರೆಯ ದೆವ್ವಕ್ಕೊಂದು ಕಾಣಿಕೆ

ಅಕ್ಟೋಬರ್ ತಿಂಗಳ ಕೊನೆಯ ಸಂಜೆ. ಯಲಹಂಕದ ಬಹುಮಹಡಿ ಮನೆಗಳ ಓಣಿಗಳಲ್ಲಿ ಈಚಿನ ವರ್ಷಗಳಲ್ಲಿ ಆ ಹೊತ್ತಿಗೆ ಪುಟ್ಟ ಪುಟ್ಟ ದೆವ್ವಗಳ ಸಂಚಾರ. ಬಿಳಿಯ ಹೊದಿಕೆ, ಕಾಗದದ ಮುಖವಾಡ, ಕೈಯಲ್ಲೊಂದು ಬುಟ್ಟಿ. ಬಾಗಿಲು ತಟ್ಟಿ ಮಿಠಾಯಿ ಬೇಡುವ ಮಕ್ಕಳು. ಹ್ಯಾಲೋವೀನ್ ಎಂಬ ಈ ಹಬ್ಬ ಐರ್ಲೆಂಡ್, ಸ್ಕಾಟ್ಲೆಂಡುಗಳ ಸುಗ್ಗಿಯ ಕೊನೆಯ ಇರುಳಿನಲ್ಲಿ ಹುಟ್ಟಿ, ಅಮೆರಿಕವನ್ನು ಸುತ್ತಿ ನಮ್ಮೂರಿಗೆ ಬಂದಿದೆ. ಸತ್ತವರು ಅಂದು ಮನೆಗೆ ಮರಳುವರೆಂಬುದು ಅಲ್ಲಿಯ ಹಳೆಯ ನಂಬಿಕೆ. ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಎಡೆಯಿಡುವ ನಾಡಿಗೆ ಇದು ತೀರ ಹೊಸತೇನೂ ಅಲ್ಲ.

ಆದರೆ ಅಮೆರಿಕದಲ್ಲಿ ಈ ಬೇಡಿಕೆ ಮಿಠಾಯಿಗೆ ಮುಗಿಯಲಿಲ್ಲ. 1950ರಲ್ಲಿ ಫಿಲಡೆಲ್ಫಿಯದ ಕೆಲವು ಮಕ್ಕಳು ಹಾಲಿನ ಖಾಲಿ ಪೆಟ್ಟಿಗೆಗಳನ್ನು ಹಿಡಿದು ಮನೆಮನೆ ಸುತ್ತಿ 17 ಡಾಲರು ಕೂಡಿಸಿ, ಯುದ್ಧದಿಂದ ನೊಂದ ನಾಡುಗಳ ಮಕ್ಕಳಿಗೆಂದು ಯುನಿಸೆಫ್ ಸಂಸ್ಥೆಗೆ ಕಳುಹಿಸಿದರು. ಅದೇ ಒಂದು ಸಂಪ್ರದಾಯವಾಗಿ ಬೆಳೆಯಿತು. ಇಂದು ಅಲ್ಲಿಯ ಹಳೆಯ ವನಧಾಮಗಳೂ ಆ ಹಬ್ಬದ ನೆಪದಲ್ಲಿ ಕುಟುಂಬಗಳನ್ನು ಕರೆದು, ಲಾಂದ್ರದ ಬೆಳಕಿನಲ್ಲಿ ಕಾಡುದಾರಿಯಲ್ಲಿ ನಡೆಸಿ, ಬಂದ ಹಣವನ್ನು ಆ ಕಾಡಿನ ಪಾಲನೆಗೇ ವಿನಿಯೋಗಿಸುತ್ತವೆ. ಹೆದರಿಸಿದ ಕಾಡಿಗೇ ಕಾಣಿಕೆ!

ಯಲಹಂಕದ ಮಗ್ಗುಲಲ್ಲಿಯೂ ಅಂಥದೊಂದು ತಾಣವಿದೆ. ದೊಡ್ಡಬಳ್ಳಾಪುರದ ಹಾದಿಯ ಕಡೆಗಿರುವ ಪುಟ್ಟೇನಹಳ್ಳಿಯ ಕೆರೆ ಅದು. ಜೆ. ಪಿ. ನಗರದ ಬಳಿಯಿರುವ ಅದೇ ಹೆಸರಿನ ಕೆರೆ ಬೇರೆ. ಯಲಹಂಕದ ಈ ಕೆರೆಯನ್ನು 2015ರಲ್ಲಿ ಸರ್ಕಾರ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸಾರಿತು. ಹಾವಕ್ಕಿ, ಬಣ್ಣದ ಕೊಕ್ಕರೆ, ಕೆನ್ನೀಲಿ ಬಕಗಳು ಜೊಂಡಿನ ನಡುವೆ ಇಲ್ಲಿ ನೆಲೆ ಕಂಡಿವೆ.

ಅಂಥದೊಂದು ಸಂಜೆ ಬೇಲಿಯ ಹೊರಗೆ ಅಜ್ಜಿಯೊಬ್ಬರು ಮೊಮ್ಮಗಳ ಕೈ ಹಿಡಿದು ನಿಂತಿದ್ದರು. ಹುಡುಗಿಯ ದೆವ್ವದ ಮುಖವಾಡ ಹಣೆಯ ಮೇಲೇರಿತ್ತು. ಕತ್ತಲು ಕವಿಯುತ್ತಿದ್ದಂತೆ ಜೊಂಡಿನೊಳಗಿಂದ ‘ಕ್ವಾಕ್’ ಎಂಬ ಕರ್ಕಶವಾದ ಕೂಗೊಂದು ಎದ್ದಿತು. ಹುಡುಗಿ ಬೆಚ್ಚಿ ಸೆರಗು ಹಿಡಿದಳು.

“ಅಜ್ಜೀ, ಒಳಗೆ ಯಾರೋ ಇದಾರೆ!”

“ಇರುಳು ಬಕ ಕಣೇ ಪುಟ್ಟಿ. ಈಗ ಮೇಯೋಕೆ ಹೊರಟಿದೆ. ನಮ್ಮೂರಲ್ಲಿ ಇದನ್ನೇ ಕೆರೆ ದೆವ್ವ ಅಂತಿದ್ರು. ಕತ್ತಲಾದ ಮೇಲೆ ಏರಿ ಹತ್ತೋಕೆ ಯಾರಿಗೂ ಧೈರ್ಯ ಇರ್ತಿರ್ಲಿಲ್ಲ.”

ಆ ಭಯಕ್ಕೂ ಒಂದು ಬೆಲೆಯಿತ್ತು. ಇರುಳಿನಲ್ಲಿ ಕೆರೆ ಹಕ್ಕಿಗಳ ಪಾಲಿಗೆ ಉಳಿಯುತ್ತಿತ್ತು. ಹಗಲಿನಲ್ಲಿ ಅದನ್ನು ಊರು ಕಾಯುತ್ತಿತ್ತು. ಕೆರೆಯ ಪಾಲನೆಗೆಂದು ಬಿಟ್ಟ ಭೂಮಿಗೆ ನಮ್ಮ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಹೆಸರುಗಳೇ ಇವೆ. ಕೋಡಿ ಬಿದ್ದ ವರ್ಷ ಊರಿನ ಹೆಣ್ಣುಮಕ್ಕಳು ಗಂಗೆಗೆ ಬಾಗಿನ ಅರ್ಪಿಸುತ್ತಿದ್ದರು. ಹಳೆಯ ಮೈಸೂರು ಸೀಮೆಯ ಸೋಮನ ಕುಣಿತದಲ್ಲಿ ಭಯಂಕರವಾದ ಆ ಕೆಂಪು ಮುಖವಾಡ ಗ್ರಾಮದೇವತೆಯ ಕಾವಲುಗಾರನದು. ಹೆದರಿಸುವ ಮುಖವೇ ಕಾಯುವ ಮುಖ.

ಈಗ ಬೀದಿದೀಪಗಳು ದೆವ್ವವನ್ನು ಓಡಿಸಿವೆ. ಗದ್ದೆಗಳಿಲ್ಲದ ಊರಿಗೆ ಕೆರೆಯ ನೀರಿನ ಹಂಗೂ ಇಲ್ಲ. ಬೆಂಗಳೂರಿನ ಕೆರೆಗಳ ಸುತ್ತ ಬಡಾವಣೆಗಳೆದ್ದಂತೆ ಮಳೆನೀರಿನ ಕಾಲುವೆಗಳು ಸೊರಗಿ, ಕೊಳಚೆಯ ನೀರು ದಾರಿ ಮಾಡಿಕೊಂಡಿತು. ಮೀಸಲು ಪ್ರದೇಶವೆಂಬ ಫಲಕದಿಂದ ಹೂಳು ತಾನಾಗಿ ಎದ್ದು ಹೋಗದು. ಸಂರಕ್ಷಣಾ ಮೀಸಲು ಪ್ರದೇಶದ ಆಡಳಿತಕ್ಕೆ ಸಲಹೆ ನೀಡುವ ಸಮಿತಿಯಲ್ಲಿ ಸ್ವಯಂಸೇವಾ ಸಂಸ್ಥೆಗಳ ಪ್ರತಿನಿಧಿಗಳಿಗೂ ಕಾನೂನು ಸ್ಥಾನ ಕೊಟ್ಟಿದೆ. ಆದರೆ ಆ ಸ್ಥಾನಕ್ಕೆ ಬಲ ಬರುವುದು ಸುತ್ತಲಿನ ಮನೆಗಳು ವರ್ಷಕ್ಕೊಂದು ಸಂಜೆಯನ್ನೂ ಒಂದಿಷ್ಟು ಕಾಸನ್ನೂ ಕೆರೆಗೆಂದು ತೆಗೆದಿಟ್ಟಾಗ. ಹಬ್ಬ ಹೊರನಾಡಿನದಾದರೇನು, ಮಕ್ಕಳ ಬುಟ್ಟಿಯಲ್ಲಿ ಮಿಠಾಯಿಯ ಜೊತೆಗೆ ಕೆರೆಯ ಪಾಲೂ ಬೀಳಬಾರದೇ?

“ದೆವ್ವ ಹೋಯ್ತಲ್ಲ, ಇನ್ನು ಕೆರೆ ಕಾಯೋರು ಯಾರಜ್ಜಿ?” ಎಂದಳು ಹುಡುಗಿ.

ಅಜ್ಜಿ ಒಡನೆ ಉತ್ತರಿಸಲಿಲ್ಲ. ಬಕವೊಂದು ತಲೆಯ ಮೇಲೆ ಹಾದು ಕತ್ತಲಲ್ಲಿ ಕರಗಿತು. ಹುಡುಗಿ ಹಣೆಯ ಮೇಲಿನ ಮುಖವಾಡವನ್ನು ಮೆಲ್ಲಗೆ ಕೆಳಗೆಳೆದುಕೊಂಡು, ಕೆರೆಗೆ ಬೆನ್ನು ಮಾಡಿ, ರಸ್ತೆಯ ಕಡೆಗೆ ಮುಖವಿಟ್ಟು ನಿಂತಳು.